ತಕ್ಕ ಜಾಗದಲ್ಲಿ ವಾಸ

*ಇಂದಿನ ಚಿಂತನೆ: ಮಂಗಲ ಸುತ್ತ ಪಾಠ*

 

ಮಂಗಲ ಎಂದರೆ ಯಾವುದು ಎಂದು ಜೇತವನದಲ್ಲಿ ಒಂದು ದೇವತೆ ಬುದ್ಧರನ್ನು ಕೇಳಿದ ಪ್ರಸಂಗ ನಮಗೆಲ್ಲ ಗೊತ್ತಿದೆ. ಇದೇ ಪ್ರಶ್ನೆಯನ್ನು ನಮ್ಮೂರಲ್ಲಿ ಕೇಳಿದರೆ ಪಂಚಾಂಗ ತೆಗೆಯುತ್ತಾರೆ, ತಾರಾಬಲ ನೋಡುತ್ತಾರೆ, ಬೆಕ್ಕು ಅಡ್ಡ ಬಂದರೆ ಒಂದು ಗಳಿಗೆ ಕೂತು ಎದ್ದು ಹೋಗುತ್ತಾರೆ. ಬುದ್ಧರ ಉತ್ತರದಲ್ಲಿ ಗಳಿಗೆಯೂ ಇಲ್ಲ, ನಕ್ಷತ್ರವೂ ಇಲ್ಲ. ಯಾರ ಸಹವಾಸ ಮಾಡಬೇಕು, ಎಲ್ಲಿ ಇರಬೇಕು, ತಾಯಿ ತಂದೆಯನ್ನು ಹೇಗೆ ನೋಡಿಕೊಳ್ಳಬೇಕು, ಎಂಥ ದುಡಿಮೆ ಮಾಡಬೇಕು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಅವನ್ನು 38 ಮಂಗಲಗಳು ಎಂದು ಎಣಿಸುವುದು ರೂಢಿ.

ಅವುಗಳಲ್ಲಿ ಮೂರು ಮಂಗಲಗಳು ಒಂದೇ ಗಾಥೆಯಲ್ಲಿ ಜೊತೆಯಾಗಿ ಬರುತ್ತವೆ: ತಕ್ಕ ಜಾಗದಲ್ಲಿ ವಾಸ, ಹಿಂದೆ ಮಾಡಿದ ಪುಣ್ಯ, ತನ್ನನ್ನು ತಾನು ಸರಿಯಾಗಿ ನಿಲ್ಲಿಸಿಕೊಳ್ಳುವುದು. ಇವತ್ತಿನ ಪಾಠ ಬರೆಯುವ ಸರದಿ ನನ್ನದು. ಈ ಬೇಸಿಗೆಯಲ್ಲಿ ನಾನು ಹೊಸ ಬಡಾವಣೆಗೆ ಮನೆ ಬದಲಾಯಿಸಿದ್ದೇನೆ. ಹಾಗಾಗಿ ಈ ಮೂರನ್ನೂ ನನ್ನ ಬೀದಿಯಲ್ಲೇ ನಿಂತು ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

*1. ತಕ್ಕ ಜಾಗ*

ನಾನು ಆಸ್ಪತ್ರೆಯಲ್ಲಿ ನರ್ಸ್. ತಿಂಗಳಲ್ಲಿ ಅರ್ಧ ದಿನ ನೈಟ್ ಡ್ಯೂಟಿ. ಹಿಂದಿನ ಮನೆ ದೊಡ್ಡ ರಸ್ತೆಯ ಮೇಲಿತ್ತು. ಹಗಲು ಮಲಗಿದರೆ ಲಾರಿ, ಆಂಬುಲೆನ್ಸ್, ರಸ್ತೆ ಅಗೆಯುವ ಯಂತ್ರದ ಸದ್ದು. ಏಪ್ರಿಲ್‌ನಲ್ಲಿ ಫ್ರೀಡೆನೌ ಎಂಬ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಸಿಕ್ಕಿತು. 'ಫ್ರೀಡೆನ್' ಎಂದರೆ ಜರ್ಮನ್ ಭಾಷೆಯಲ್ಲಿ ಶಾಂತಿ. 1871ರಲ್ಲಿ ಫ್ರಾನ್ಸ್ ಜೊತೆಗಿನ ಯುದ್ಧ ಮುಗಿದು ಫ್ರಾಂಕ್‌ಫರ್ಟ್ ಒಪ್ಪಂದವಾಯಿತು. ಅದೇ ವರ್ಷ ಹುಟ್ಟಿದ ಈ ಬಡಾವಣೆಗೆ ಆ ಒಪ್ಪಂದದ ನೆನಪಿಗೆ ಶಾಂತಿಯ ಹೆಸರಿಟ್ಟರು.

ಇಲ್ಲಿಯ ಬೇಸಿಗೆ ನಮ್ಮ ಬೇಸಿಗೆಯಂತಲ್ಲ. ಜೂನ್ ಕೊನೆಯ ಹೊತ್ತಿಗೆ ಬೆಳಗಿನ ಐದು ಗಂಟೆಗೆ ಮೊದಲೇ ಸೂರ್ಯ ಹುಟ್ಟಿರುತ್ತಾನೆ, ಮುಳುಗುವಾಗ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಪಾತ್ರೆ ತೊಳೆದರೂ ಕಿಟಕಿಯಲ್ಲಿ ಬೆಳಕಿರುತ್ತದೆ. ಬೀದಿಯುದ್ದಕ್ಕೂ ಲಿಂಡೆನ್ ಮರಗಳು. ಅವು ಹೂ ಬಿಟ್ಟಾಗ ಇಡೀ ಬೀದಿ ಜೇನಿನ ವಾಸನೆ. ನಮ್ಮಲ್ಲಿ ಹೊಂಗೆ ಹೂ ಉದುರಿ ನೆಲ ಬೆಳ್ಳಗಾಗುತ್ತದಲ್ಲ, ಇಲ್ಲೂ ಹಾಗೇ ಪಾದಚಾರಿ ದಾರಿ ತಿಳಿ ಹಳದಿಯಾಗುತ್ತದೆ. ಮರದ ಕೆಳಗೆ ನಿಲ್ಲಿಸಿದ ಕಾರುಗಳಿಗೆಲ್ಲ ಅಂಟು ಮೆತ್ತಿಕೊಂಡಿರುತ್ತದೆ.

ಭಾನುವಾರ ಅಂಗಡಿಗಳು ಬಾಗಿಲು ಹಾಕುತ್ತವೆ. ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕುವಂತಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ ಇದೇ ಕಟ್ಟುಪಾಡು. ಪಕ್ಕದವರ ನಿದ್ದೆಯನ್ನು ಕಾನೂನು ಕಾಯುತ್ತದೆ. ರಾತ್ರಿಯೆಲ್ಲ ರೋಗಿಗಳ ಹತ್ತಿರ ಓಡಾಡಿ ಬೆಳಿಗ್ಗೆ ಬಂದು ಮಲಗುವ ನನ್ನಂಥವಳಿಗೆ ಇದು ದೊಡ್ಡ ಉಪಕಾರ.

ಹಾಗೆಂದು ಸದ್ದೇ ಇಲ್ಲ ಎಂದಲ್ಲ. ಮಧ್ಯಾಹ್ನ ಎದ್ದು ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತರೆ ಎದುರು ಮನೆಯ ಮಗು ಪಿಯಾನೋದಲ್ಲಿ ಒಂದೇ ಸ್ವರಸಾಲನ್ನು ಹತ್ತು ಸಲ ನುಡಿಸುವುದು ಕೇಳುತ್ತದೆ. ಮೇಲೆ ಕುಡುಗೋಲಿನಂಥ ರೆಕ್ಕೆಯ ಸಣ್ಣ ಕಪ್ಪು ಹಕ್ಕಿಗಳು ಕಿರಿಚುತ್ತಾ ಸುತ್ತುತ್ತವೆ. ಮೌವರ್‌ಜೇಗ್ಲರ್ ಎಂದು ಅವುಗಳ ಹೆಸರು. ಮೇ ತಿಂಗಳಲ್ಲಿ ಆಫ್ರಿಕಾದಿಂದ ಬಂದು, ಹಳೆ ಕಟ್ಟಡಗಳ ಸಂದಿಯಲ್ಲಿ ಮರಿ ಮಾಡಿ, ಆಗಸ್ಟ್ ಮೊದಲ ವಾರಗಳಲ್ಲಿ ಹೊರಟುಬಿಡುತ್ತವೆ. ಅವು ಹೋದ ಮೊದಲ ಸಂಜೆ ಆಕಾಶ ಬಿಕೋ ಅನ್ನುತ್ತದೆ.

ಇಷ್ಟು ಸುಖಪಡುವುದು ಧಮ್ಮಕ್ಕೆ ಒಪ್ಪುತ್ತದೆಯೇ ಎಂದು ಕಳೆದ ವಾರ ಒಬ್ಬ ತಂಗಿ ಕೇಳಿದ್ದರು. ಒಪ್ಪುತ್ತದೆ ಎಂದೇ ನನ್ನ ತಿಳಿವಳಿಕೆ. ಸತಿಪಟ್ಠಾನದಲ್ಲಿ ಬುದ್ಧರು ಸುಖದ ವೇದನೆಯನ್ನು ಓಡಿಸಿ ಎಂದಿಲ್ಲ. ಸುಖವಾದಾಗ ಇದು ಸುಖ ಎಂದು ತಿಳಿಯಿರಿ ಎಂದಿದ್ದಾರೆ. ತೊಡಕು ಬರುವುದು ಮುಂದಿನ ಹೆಜ್ಜೆಯಲ್ಲಿ. ಇದು ನನಗೇ ಬೇಕು, ಹೀಗೇ ಇರಬೇಕು, ಯಾರೂ ಕೆಡಿಸಬಾರದು ಎಂದು ಮನಸ್ಸು ಬೇಲಿ ಹಾಕಲು ಹೊರಟಾಗ ಅದೇ ಸುಖ ತಣ್ಹೆಯಾಗುತ್ತದೆ. ಹಕ್ಕಿ ಇರುವಷ್ಟು ದಿನ ಹಕ್ಕಿಯ ಕೂಗು ಕೇಳುವುದು, ಅದು ಹೋದ ಮೇಲೆ ಖಾಲಿ ಆಕಾಶ ನೋಡುವುದು. ಅನಿಚ್ಚದ ಪಾಠಕ್ಕೆ ಇದಕ್ಕಿಂತ ಸುಲಭದ ಪುಸ್ತಕ ನನಗೆ ಸಿಕ್ಕಿಲ್ಲ.

ತಕ್ಕ ಜಾಗ ಎಂದರೆ ಸುಖವಾದ ಜಾಗ ಎಂದಷ್ಟೇ ಅಲ್ಲ. ಧಮ್ಮ ಬಲ್ಲವರು ಇರುವ, ದಾನಶೀಲಕ್ಕೆ ಅವಕಾಶವಿರುವ ನಾಡು ಎಂದು ಹಳೆಯ ಅಟ್ಠಕಥೆ ವಿವರಿಸುತ್ತದೆ. ಆ ಲೆಕ್ಕದಲ್ಲೂ ಈ ಊರು ಬಡವೇನಲ್ಲ. ನಮ್ಮ ಬಡಾವಣೆಯಲ್ಲಿ ರೈಲು ಹತ್ತಿದರೆ ಇಳಿಯದೆ, ಬದಲಾಯಿಸದೆ ನಗರದ ಉತ್ತರ ಅಂಚಿನ ಫ್ರೋನೌ ತಲುಪಬಹುದು. ಪೌಲ್ ಡಾಲ್ಕೆ ಎಂಬ ಹೋಮಿಯೋಪಥಿ ವೈದ್ಯರು ಸಿಲೋನ್‌ಗೆ ಹೋಗಿ ಧಮ್ಮ ಕಲಿತು ಬಂದು, 1924ರಲ್ಲಿ ಅಲ್ಲಿ ಒಂದು ಬೌದ್ಧ ಮನೆ ಕಟ್ಟಿಸಿದರು. ಪೈನ್ ಮರಗಳ ಗುಡ್ಡವನ್ನು ಮೆಟ್ಟಿಲು ಹತ್ತಿ ಹೋಗಬೇಕು. ಅಷ್ಟಾಂಗ ಮಾರ್ಗದ ನೆನಪಿಗೆ ಆ ಮೆಟ್ಟಿಲುಗಳನ್ನು ಎಂಟು ಭಾಗ ಮಾಡಿದ್ದಾರೆ. ಡಾಲ್ಕೆ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1950ರ ದಶಕದ ಕೊನೆಯಲ್ಲಿ, ಸಿಲೋನಿನ ಜರ್ಮನ್ ಧರ್ಮದೂತ ಸಂಘ ಆ ಮನೆಯನ್ನು ಕೊಂಡು ಉಳಿಸಿತು. ಶ್ರೀಲಂಕಾದ ಭಿಕ್ಖುಗಳು ಅಲ್ಲಿದ್ದಾರೆ.

ಆಷಾಢ ಹುಣ್ಣಿಮೆಗೆ ನಾನೂ ಹೋಗಿದ್ದೆ. ಮರುದಿನದಿಂದ ಮೂರು ತಿಂಗಳ ವಸ್ಸಾವಾಸ. ನಮ್ಮ ಕಡೆ ಅದು ಮಳೆಗಾಲ. ಪೈರನ್ನೂ ಸಣ್ಣ ಜೀವಿಗಳನ್ನೂ ತುಳಿಯಬಾರದೆಂದು ಭಿಕ್ಖುಗಳು ಒಂದೆಡೆ ನಿಲ್ಲುತ್ತಿದ್ದರು. ಇಲ್ಲಿ ಅದು ಬೇಸಿಗೆಯ ನಡುವೆ ಬರುತ್ತದೆ. ಕಾರಣ ಬೇರೆಯಾದರೂ ಕಟ್ಟಳೆ ಅದೇ: ಒಂದು ಕಡೆ ನಿಲ್ಲು, ನಿಂತ ಜಾಗವನ್ನು ಅರಿ. ಹೊಸ ಬಡಾವಣೆಗೆ ಬಂದವರಿಗೆ ಇದು ಒಳ್ಳೆಯ ಬುದ್ಧಿಮಾತು. ರಜೆ ಸಿಕ್ಕರೆ ಪ್ಯಾರಿಸ್ಸು, ರೋಮು ಎಂದು ಓಡುವ ಬದಲು ಈ ಬೇಸಿಗೆ ನಮ್ಮ ಬೀದಿಯಲ್ಲೇ ಇರೋಣ ಎಂದು ನಿಶ್ಚಯ ಮಾಡಿದೆ. ಹಾಗೆ ಇದ್ದದ್ದರಿಂದಲೇ ಕೈಪಂಪು ಸಿಕ್ಕಿತು.

*2. ಹಿಂದೆ ಮಾಡಿದ ಪುಣ್ಯ*

ಬರ್ಲಿನ್ ಬೀದಿಗಳಲ್ಲಿ ಸುಮಾರು ಎರಡು ಸಾವಿರ ಕೈಪಂಪುಗಳಿವೆ. ನಲ್ಲಿ ನೀರು ನಿಂತುಹೋಗುವಂಥ ಆಪತ್ತು ಬಂದರೆ ಜನಕ್ಕೆ ನೀರು ಸಿಗಲಿ ಎಂದು ಇಟ್ಟವು. ಸಾಮಾನ್ಯ ದಿನಗಳಲ್ಲಿ ಜನ ಅದರಿಂದ ಬೀದಿಮರಗಳಿಗೆ ನೀರು ಹಾಕುತ್ತಾರೆ. ಊರಿನಲ್ಲಿ ಬೀದಿಮರಗಳೇ ನಾಲ್ಕು ಲಕ್ಷಕ್ಕೂ ಹೆಚ್ಚು. 2018, 2019ರಲ್ಲಿ ಮಳೆ ತೀರಾ ಕಡಿಮೆಯಾಗಿ ಮರಗಳು ಒಣಗತೊಡಗಿದವು. ನಗರಪಾಲಿಕೆಯೊಂದರಿಂದಲೇ ಎಲ್ಲ ಮರಕ್ಕೂ ನೀರುಣಿಸಲು ಆಗುವುದಿಲ್ಲ. ಅದಕ್ಕೇ ಯಾವ ಮರ ಎಲ್ಲಿದೆ, ಹತ್ತಿರದ ಪಂಪು ಯಾವುದು ಎಂದು ತೋರಿಸುವ ನಕ್ಷೆ 2020ರಿಂದ ಮೊಬೈಲಿನಲ್ಲಿ ಸಿಗುತ್ತದೆ. ಯಾರು ಬೇಕಾದರೂ ಒಂದು ಮರದ ಹೊಣೆ ಹೊರಬಹುದು. ನಾನು ನಮ್ಮ ಬಾಗಿಲ ಮುಂದಿನ ಎಳೆ ಲಿಂಡೆನ್ ಮರವನ್ನು ಆರಿಸಿಕೊಂಡೆ.

ಮೊದಲ ಸಂಜೆ ಹೊಸ ಕ್ಯಾನು ಹಿಡಿದು ಪಂಪಿನ ಹತ್ತಿರ ಹೋದಾಗ ಕೆಳಗಿನ ಮನೆಯ ಅಜ್ಜ ಮುಂಚೆಯೇ ಅಲ್ಲಿದ್ದರು. "ಯಾವ ಮರಕ್ಕೆ?" ಎಂದು ಕೇಳಿದರು. ತೋರಿಸಿದೆ. "ಹತ್ತು ಸಲ ಹೊಡೆದರೂ ನೀರು ಬರುವುದಿಲ್ಲ, ಬಿಡಬೇಡ" ಎಂದು ಹೇಳಿ ಹೋದರು. ಅಷ್ಟೇ ಮಾತು. ಹದಿಮೂರನೆಯದೋ ಹದಿನಾಲ್ಕನೆಯದೋ ಹೊಡೆತಕ್ಕೆ ಆಳದಿಂದ ಗೊರಗೊರ ಸದ್ದು ಮಾಡಿ ನೀರು ಬಂತು. ನಮ್ಮೂರ ಬೋರಿಂಗಿನದೇ ಸದ್ದು.

ಆನಂದ ಭಿಕ್ಖು ಬಾವಿಯ ಬಳಿ ಮಾತಂಗ ಕನ್ಯೆಯಲ್ಲಿ ನೀರು ಕೇಳಿದ ಕಥೆಯನ್ನು ನಮ್ಮ ಬಳಗದಲ್ಲಿ ಎಷ್ಟು ಸಲ ಓದಿದ್ದೇವೆ! ತಾನು ಯಾವ ಕುಲದವಳು ಎಂದು ಆಕೆ ಹೇಳಿಕೊಂಡಳು. ತಾನು ನೀರು ಕೇಳಿದನೇ ಹೊರತು ಕುಲ ಕೇಳಲಿಲ್ಲ ಎಂದು ಆನಂದ ಉತ್ತರಿಸಿದ. ಆ ಅಜ್ಜನಿಗೆ ಈ ಕಥೆ ಗೊತ್ತಿರಲಾರದು. ಆದರೂ ಅವರು ಕೇಳಿದ್ದು ಮರವನ್ನು ಮಾತ್ರ.

ಪಂಪಿನ ಒಂದು ವೀಡಿಯೋ ಮಾಡಿ ಅಪ್ಪನಿಗೆ ಕಳಿಸಿದೆ. ಚಾಮರಾಜನಗರ ಕಡೆಯ ನಮ್ಮೂರಲ್ಲಿ ಅಪ್ಪ ಹುಡುಗನಾಗಿದ್ದಾಗ ಊರ ಬಾವಿಗೆ ನಮ್ಮವರು ಕೈ ಹಾಕುವಂತಿರಲಿಲ್ಲ. ಅಜ್ಜಿ ಕೊಡವನ್ನು ದೂರದಲ್ಲಿಟ್ಟು, ಯಾರಾದರೂ ಮೇಲಿನಿಂದ ನೀರು ಹೊಯ್ಯಲಿ ಎಂದು ಬಿಸಿಲಲ್ಲಿ ಕಾಯುತ್ತಿದ್ದಳಂತೆ. ನಾನು ಹುಟ್ಟುವ ಹೊತ್ತಿಗೆ ನಮ್ಮ ಕೇರಿಗೇ ಬೇರೆ ಬೋರಿಂಗ್ ಹಾಕಿದ್ದರು. ಅದರಿಂದ ನೀರಿನ ಕಷ್ಟ ತೀರಿತು, ಕೇರಿ ಮಾತ್ರ ಬೇರೆಯೇ ಉಳಿಯಿತು.

ವೀಡಿಯೋ ನೋಡಿ ಅಪ್ಪ ಫೋನ್ ಮಾಡಿದರು. ಪಂಪು ಎಷ್ಟು ಹಳೆಯದು, ಎಷ್ಟು ಅಡಿ ಆಳ ಎಂದೆಲ್ಲ ವಿಚಾರಿಸಿ, ಕೊನೆಗೆ ಕೇಳಿದರು: "ಯಾರ್ನೂ ಕೇಳ್ಬೇಕಾಗಿಲ್ವ ಮಗಾ? ನೀನಾಗೇ ಹೊಡ್ಕೊಬೋದಾ?"

"ನಾನೇ ಹೊಡ್ಕೊಬೋದು ಅಪ್ಪ" ಅಂದೆ.

"ಮರಕ್ಕೆ ಜಾಸ್ತಿ ಹಾಕು" ಅಂದರು. ಬೇರೇನೂ ಹೇಳಲಿಲ್ಲ.

ಹಿಂದೆ ಮಾಡಿದ ಪುಣ್ಯ ಎಂಬ ಎರಡನೆಯ ಮಂಗಲ ನನಗೆ ಅರ್ಥವಾದದ್ದು ಆ ಸಂಜೆ. ಇದನ್ನು ಹಿಂದಿನ ಜನ್ಮದ ಲೆಕ್ಕ ಎಂದು ಓದುವವರಿದ್ದಾರೆ. ಈ ಜನ್ಮದ ಮೇಲುಕೀಳಿಗೆ ಹಿಂದಿನ ಜನ್ಮದ ಕರ್ಮವೇ ಕಾರಣ ಎಂಬ ವಾದವನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಆ ವಾದ ನಿಜವಾಗಿದ್ದರೆ ಬಿಸಿಲಲ್ಲಿ ಕೊಡ ಇಟ್ಟು ಕಾದ ಅಜ್ಜಿಯದೇ ತಪ್ಪು ಎಂದಾಗುತ್ತಿತ್ತು. ಹಿಂದೆ ಎಂದರೆ ನನಗಿಂತ ಹಿಂದೆ ನಡೆದವರು ಎಂದು ನಾನು ಓದಿಕೊಳ್ಳುತ್ತೇನೆ. ಮಹಾಡಿನ ಚೌದಾರ್ ಕೆರೆಯನ್ನು ಅಲ್ಲಿಯ ಪುರಸಭೆ ಎಲ್ಲರಿಗೂ ತೆರೆದಿದೆ ಎಂದು ಠರಾವು ಮಾಡಿದ ಮೇಲೂ ನಮ್ಮವರು ಅದನ್ನು ಮುಟ್ಟಲು ಆಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರ ಹಿಂದೆ ಸಾವಿರಾರು ಜನ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಏಟೂ ತಿಂದರು. ಅವರು ಮಾಡಿದ್ದು ಪುಣ್ಯ. ತಾನು ಓದದೆ ನನ್ನನ್ನು ಓದಿಸಿದ ಅಪ್ಪನದೂ ಪುಣ್ಯ. ನರ್ಸಿಂಗ್ ಫೀಸು ಕಟ್ಟಲು ಓಲೆ ಬಿಚ್ಚಿಕೊಟ್ಟ ಅಮ್ಮನದೂ ಪುಣ್ಯ. ನನ್ನ ಬಾಲ್ಕನಿಯ ಶಾಂತ ಮಧ್ಯಾಹ್ನ ಈ ಎಲ್ಲರ ದುಡಿಮೆಯ ಫಲ. ಹಾಗೆ ನೆನೆದಾಗ ಚಹಾದ ರುಚಿ ಕಡಿಮೆಯಾಗುವುದಿಲ್ಲ. ಇದು ನನ್ನೊಬ್ಬಳದು ಎಂಬ ಹಿಡಿತ ಮಾತ್ರ ಸಡಿಲವಾಗುತ್ತದೆ.

*3. ತನ್ನನ್ನು ತಾನು ನಿಲ್ಲಿಸಿಕೊಳ್ಳುವುದು*

ಜಾಗ ಸಿಕ್ಕಿತು, ಹಿಂದಿನವರ ಪುಣ್ಯವೂ ಇದೆ. ಮೂರನೆಯದು ಏಕೆ ಬೇಕು? ಅದಕ್ಕೂ ನಮ್ಮ ಬೀದಿಯಲ್ಲೇ ಉತ್ತರವಿದೆ.

ಪಂಪಿನಿಂದ ಮನೆಗೆ ಬರುವ ದಾರಿಯಲ್ಲಿ, ನಾಲ್ಕನೇ ಕಟ್ಟಡದ ಮುಂದೆ, ನೆಲಕ್ಕೆ ಮೂರು ಹಿತ್ತಾಳೆ ಬಿಲ್ಲೆಗಳನ್ನು ಕೂರಿಸಿದ್ದಾರೆ. ಒಂದೊಂದೂ ಅಂಗೈ ಅಗಲ. ಜರ್ಮನ್ನರು ಇವನ್ನು 'ಎಡವುಗಲ್ಲು' ಎನ್ನುತ್ತಾರೆ. ಗುಂಟರ್ ಡೆಮ್ನಿಶ್ ಎಂಬ ಕಲಾವಿದರು 1990ರ ದಶಕದಲ್ಲಿ ಈ ಕೆಲಸ ಶುರು ಮಾಡಿದರು. ಈಗ ಯುರೋಪಿನಲ್ಲಿ ಇಂಥ ಕಲ್ಲುಗಳು ಒಂದು ಲಕ್ಷಕ್ಕೂ ಮೀರಿವೆ. ಇಲ್ಲಿ ವಾಸವಿದ್ದರು ಎಂಬ ಮಾತು, ಕೆಳಗೆ ಹೆಸರು, ಹುಟ್ಟಿದ ವರ್ಷ, ಹಿಡಿದು ಸಾಗಿಸಿದ ವರ್ಷ, ಕೊಂದ ಜಾಗ. ಬಹುತೇಕರು ಯಹೂದಿಗಳು. ನಮ್ಮ ಬೀದಿಯ ಮೂರು ಕಲ್ಲಿನಲ್ಲಿರುವುದು ಒಂದೇ ಮನೆತನದ ಹೆಸರು, 1942 ಎಂಬ ವರ್ಷ. ಓದಬೇಕಾದರೆ ತಲೆ ಬಾಗಿಸಲೇಬೇಕು.

ಶಾಂತಿಯ ಹೆಸರಿನ ಇದೇ ಬಡಾವಣೆಯಿಂದ ಅವರನ್ನು ಕರೆದೊಯ್ದರು. ಅಂದೂ ಇಲ್ಲಿ ಮನೆಗಳಿದ್ದವು, ಕಿಟಕಿಗಳಿದ್ದವು, ಕಿಟಕಿಯ ಹಿಂದೆ ಜನರಿದ್ದರು. ಆಗ ಎಷ್ಟು ಬಾಯಿಗಳು ಸುಮ್ಮನಿದ್ದವೋ! ನಮ್ಮೂರ ಬಗ್ಗೆಯೂ ಹಿರಿಯರು ಹೇಳುತ್ತಾರೆ, ಆಗ ಜಗಳವೇ ಇರಲಿಲ್ಲ, ಊರೆಲ್ಲ ಶಾಂತವಾಗಿತ್ತು ಎಂದು. ಅದನ್ನು ಕೇಳಿದಾಗ ಅಪ್ಪ ನಗುತ್ತಾರೆ: "ಹೂಂ, ನಾವು ಬಾಯಿ ಬಿಡ್ತಿರ್ಲಿಲ್ಲ ಕನವ್ವ."

ಹಾಗಾದರೆ ಸದ್ದಿಲ್ಲದಿರುವುದೆಲ್ಲ ಶಾಂತಿಯಲ್ಲ. ಪಕ್ಕದವರಿಗೆ ನಿದ್ದೆ ಬರಲಿ ಎಂದು ಸುಮ್ಮನಿರುವುದು ಮೈತ್ರಿ. ಪಕ್ಕದವರನ್ನು ಎಳೆದೊಯ್ಯುವಾಗ ಸುಮ್ಮನಿರುವುದು ಭಯ. ಹೊರಗಿನಿಂದ ಕೇಳಿದರೆ ಎರಡೂ ಒಂದೇ. ಬುದ್ಧರು ಹೊಗಳಿದ್ದು ಆರ್ಯ ಮೌನವನ್ನು. ಭಿಕ್ಖುಗಳು ಕೂಡಿದಾಗ ಧಮ್ಮದ ಮಾತಾಡಿ, ಇಲ್ಲವಾದರೆ ಆರ್ಯ ಮೌನದಲ್ಲಿರಿ ಎಂದರು. ಎರಡರಲ್ಲೂ ಮನಸ್ಸು ಎಚ್ಚರವಾಗಿರುತ್ತದೆ. ಭಯದ ಮೌನದಲ್ಲಿ ಮನಸ್ಸು ಕಣ್ಣು ಮುಚ್ಚಿಕೊಂಡಿರುತ್ತದೆ.

ಇದರ ಪರೀಕ್ಷೆ ಜುಲೈನಲ್ಲಿ ನನಗೇ ಬಂತು. ಭಾರತದಿಂದ ಬಂದವರ ಒಂದು ಊಟದ ಕೂಟ. ಹುಲ್ಲಿನ ಮೇಲೆ ಚಾಪೆ ಹಾಸಿ, ಚಿತ್ರಾನ್ನ, ಮೊಸರನ್ನ ಹಂಚಿಕೊಂಡು ಕೂತಿದ್ದೆವು. ಕನ್ನಡ ಕೇಳಿ ಕಿವಿ ತಣ್ಣಗಾಗಿತ್ತು. ಒಬ್ಬರು ಹೆಸರು ಕೇಳಿದರು. ಹೇಳಿದೆ. "ಪೂರ್ತಿ ಹೆಸರು?" ಅದನ್ನೂ ಹೇಳಿದೆ. "ಊರಲ್ಲಿ ಮನೆ ಯಾವ ಬೀದಿ? ಮನೇಲಿ ವೆಜ್ಜಾ ನಾನ್‌ವೆಜ್ಜಾ?" ನಮಗೆ ಇದು ಯಾವ ಪ್ರಶ್ನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ದೂರದಿಂದ ಬಂದ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆ ಇದನ್ನೂ ಕಟ್ಟಿಕೊಂಡು ಬಂದಿರುತ್ತಾರೆ.

ಎದೆ ಬಡಿದುಕೊಂಡಿತು. ಉಸಿರನ್ನು ಗಮನಿಸಿದೆ. ಇದು ದುಃಖದ ವೇದನೆ ಎಂದು ಒಳಗೇ ಗುರುತು ಹಾಕಿಕೊಂಡೆ. ಜಾರಿಕೊಳ್ಳುವ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಜಗಳದ ಉತ್ತರವೂ ಇತ್ತು. ಎರಡನ್ನೂ ಬಿಟ್ಟು, "ನಮ್ಮದು ಊರ ಹೊರಗಿನ ಕೇರಿ. ನಾವು ಬೌದ್ಧರು. ಇನ್ನೊಂದು ಸ್ವಲ್ಪ ಮೊಸರನ್ನ ಹಾಕಲಾ?" ಎಂದೆ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಸಾಕು" ಎಂದರು. ಅಕ್ಕಪಕ್ಕದವರು ಮಾತು ನಿಲ್ಲಿಸಿದ್ದರು. ಪಕ್ಕದಲ್ಲಿ ಕೂತಿದ್ದ ಒಬ್ಬ ವಿದ್ಯಾರ್ಥಿನಿ ತಟ್ಟೆ ಮುಂದೆ ಹಿಡಿದು, "ನನಗೆ ಹಾಕಿ ಅಕ್ಕ" ಎಂದಳು. ಮನೆಗೆ ಹೋಗುವಾಗ ರೈಲಿನವರೆಗೂ ನನ್ನ ಜೊತೆಗೇ ನಡೆದು ಬಂದು, ಮೆಲ್ಲಗೆ, "ನಮ್ಮದೂ ಕೇರೀನೇ" ಎಂದಳು. ಎರಡು ವರ್ಷದಿಂದ ಇಲ್ಲಿ ಯಾರಿಗೂ ಹೇಳಿರಲಿಲ್ಲವಂತೆ.

ಅವಳ ಎರಡು ವರ್ಷಗಳೂ ಹೊರಗಿನಿಂದ ಶಾಂತವಾಗಿಯೇ ಇದ್ದವು. ಒಳ್ಳೆಯ ಬಡಾವಣೆ, ಹಸಿರು ಮರ, ಭಾನುವಾರದ ನಿಶ್ಶಬ್ದ ಎಲ್ಲವೂ ಅವಳಿಗೂ ಇತ್ತು. ಯಾರಾದರೂ ಕೇಳಿಬಿಟ್ಟರೆ ಎಂಬ ಅಳುಕು ಮಾತ್ರ ಒಳಗೆ ನಿಂತಿರಲಿಲ್ಲ. ತಕ್ಕ ಜಾಗ ಹೊರಗಿನ ಗದ್ದಲವನ್ನು ತಡೆಯಬಲ್ಲದು. ಒಳಗಿನ ಗದ್ದಲ ನಿಲ್ಲಬೇಕಾದರೆ ನಾವು ನೇರವಾಗಿ ನಿಲ್ಲಬೇಕು, ನಿಂತವರ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲಬೇಕು. ಬುದ್ಧರು ಈ ಮೂರು ಮಂಗಲಗಳನ್ನು ಒಂದೇ ಗಾಥೆಯಲ್ಲಿ ಇಟ್ಟದ್ದು ಇದಕ್ಕೇ ಇರಬೇಕು.

ಈಗ ಆ ಹುಡುಗಿ ಭಾನುವಾರ ಸಂಜೆ ನಮ್ಮ ಮನೆಗೆ ಬರುತ್ತಾಳೆ. ಅರ್ಧ ಗಂಟೆ ಆನಾಪಾನ ಕೂರುತ್ತೇವೆ, ಒಂದು ಪುಟ ಓದುತ್ತೇವೆ, ಆಮೇಲೆ ಉಪ್ಪಿಟ್ಟು. ಮುಂದಿನ ತಿಂಗಳಿಂದ ಅವಳೂ ನಮ್ಮ ಈ ಬಳಗಕ್ಕೆ ಸೇರುತ್ತಾಳೆ. ಸ್ವಾಗತಿಸಿ.

*ಇಂದಿನ ಅಭ್ಯಾಸ*

1. ಇವತ್ತು ನಿಮಗೆ ಸಿಗುವ ಒಂದು ಶಾಂತ ಗಳಿಗೆಯನ್ನು ಗುರುತಿಸಿ. ಮೊಬೈಲ್ ಪಕ್ಕಕ್ಕಿಟ್ಟು ಹತ್ತು ಉಸಿರಿನಷ್ಟು ಹೊತ್ತು ಅದರಲ್ಲಿ ಕೂತುಕೊಳ್ಳಿ. ಇದು ಸುಖ ಎಂದು ತಿಳಿಯಿರಿ, ಹೋಗುವಾಗ ಹೋಗಲು ಬಿಡಿ.

2. ಆ ಗಳಿಗೆ ನಿಮಗೆ ಯಾರ ಯಾರ ದುಡಿಮೆಯಿಂದ ಬಂತು ಎಂದು ನೆನೆಯಿರಿ. ಅವರಲ್ಲಿ ಬದುಕಿರುವ ಒಬ್ಬರಿಗೆ ಇವತ್ತೇ ಫೋನ್ ಮಾಡಿ.

3. ನಿಮ್ಮ ಬೀದಿಯಲ್ಲಿ, ಆಫೀಸಿನಲ್ಲಿ, ಹಾಸ್ಟೆಲಿನಲ್ಲಿ ಯಾರು ಸುಮ್ಮನಿದ್ದಾರೆ ಎಂದು ನೋಡಿ. ಅದು ನೆಮ್ಮದಿಯ ಮೌನವೋ ಅಳುಕಿನ ಮೌನವೋ? ಅಳುಕಿನದಾದರೆ ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ.

4. ಬೇಸಿಗೆಯಾಗಲಿ, ಮಳೆ ತಡವಾಗಲಿ, ಒಂದು ಗಿಡಕ್ಕೆ ನೀರು ಹಾಕಿ. ಅಪ್ಪ ಹೇಳಿದಂತೆ, ಜಾಸ್ತಿ ಹಾಕಿ.

*ಭಾನುವಾರದ ಚರ್ಚೆಗೆ:* ನೀವು ಈಗ ಇರುವ ಜಾಗ ನಿಮಗೆ ತಕ್ಕ ಜಾಗವೇ? ಅಲ್ಲವಾದರೆ, ಅದನ್ನು ಇನ್ನೊಬ್ಬರಿಗಾದರೂ ತಕ್ಕ ಜಾಗವಾಗಿ ಮಾಡಲು ನಿಮ್ಮ ಕೈಯಲ್ಲಿ ಏನಿದೆ?

ಎಲ್ಲ ಜೀವಿಗಳೂ ಭಯವಿಲ್ಲದೆ ಇರಲಿ. ಎಲ್ಲರಿಗೂ ನೀರು, ನೆರಳು, ನಿದ್ದೆ ಸಿಗಲಿ. ಸಾಧು, ಸಾಧು, ಸಾಧು.

(ಇಷ್ಟವಾದರೆ ನಿಮ್ಮ ಮನೆಯವರಿಗೂ ಗೆಳೆಯರಿಗೂ ಕಳಿಸಿ. ನಾಳಿನ ಪಾಠ: ಹೆಚ್ಚು ಕೇಳಿ ತಿಳಿಯುವುದು, ಕೈಕಸುಬು ಕಲಿಯುವುದು.)